ಡೆತ್ ಮೆಟಲ್ ವಿಲಂಬಿತಕ್ಕೆ ಇಳಿದಾಗ

ಅಕ್ಕನ ಮಗ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಗಿರ್ಮಿಟ್ ತಂದಿಟ್ಟರೂ ಮುಟ್ಟಲಿಲ್ಲ. ಯಾರಾದರೂ ತೀರಿಕೊಂಡರೇನೋ ಎಂದು ಗಾಬರಿಯಾಗಿ ಕೇಳಿದೆ.

"ಮಾಮಾ, ನಮ್ಮ ಬ್ಯಾಂಡ್‌ನವ್ರು ಸ್ಲೋ ಆಗ್ಯಾರ."

ಬ್ಯಾಂಡ್ ಅಂದರೆ ಮದುವೆ ಮನೆಯದ್ದಲ್ಲ. ರಾಕ್ ಸಂಗೀತದ ಒಂದು ಉಗ್ರ ಬಗೆ, ಡೆತ್ ಮೆಟಲ್. 30 ವರ್ಷದಿಂದ ಗಂಟಲು ಹರಿಯುವಂತೆ ಗುಡುಗಿದ ಹಳೇ ಹುಲಿಗಳು. ಡ್ರಮ್ಸಿನವನ ಬಡಿತಕ್ಕೆ ಬ್ಲಾಸ್ಟ್ ಬೀಟ್ ಎನ್ನುತ್ತಾರೆ. ನಿಮಿಷಕ್ಕೆ 200ರ ಗತಿ ದಾಟಿದರೆ ಅವನ ಕೈಯೇ ಕಾಣುವುದಿಲ್ಲ. ಈಗ ಅದನ್ನೆಲ್ಲ ಬಿಟ್ಟು, ಗಿಟಾರಿನ ತಂತಿ ಸಡಿಲಿಸಿ, ಬೀಸುಕಲ್ಲು ತಿರುಗಿಸಿದ ಹಾಗೆ ನುಡಿಸುತ್ತಿದ್ದಾರಂತೆ. ನಿಧಾನ, ಆದರೆ ಭಾರ.

"ವಯಸ್ಸಾಗೇದ ಬಿಡೋ, ಮೊಣಕಾಲು ನೋವಿರಬೇಕು" ಅಂದೆ. ಅವನು ಸಿಟ್ಟಿನಿಂದ ಹೆಡ್‌ಫೋನ್ ತಂದು ನನ್ನ ಕಿವಿಗೇ ಸಿಕ್ಕಿಸಿದ.

ಅರ್ಧ ಗಂಟೆ ಕೇಳಿದೆ. ಸುಳ್ಳು ಯಾಕೆ, ಹಿಡಿಸಿತು. ಧಾರವಾಡದ ಕಡೆಯವರಿಗೆ ನಿಧಾನ ಅಂದರೆ ಹೊಸದೇ? ಹಿಂದೂಸ್ತಾನಿ ಸಂಗೀತದ ವಿಲಂಬಿತ್, ಅಂದರೆ ನಿಧಾನಗತಿಯ, ಏಕತಾಲದಲ್ಲಿ 12 ಮಾತ್ರೆಯ ಒಂದು ಸುತ್ತು ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಮತ್ತೆ ಮೊದಲ ಮಾತ್ರೆಗೆ, ಅಂದರೆ ಸಮಕ್ಕೆ, ಬರುವಷ್ಟರಲ್ಲಿ ಅರ್ಧ ಕಪ್ ಚಹಾ ಖಾಲಿ. ಆದರೂ ಯಾರೂ ಎದ್ದು ನಿಂತು "ಸ್ಲೋ ಆತ್ರೀ" ಅನ್ನುವುದಿಲ್ಲ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆ ಆದ ಮೇಲೆ ದಪ್ಪಗಾಯಿತು. ಜನ ಆ ದಪ್ಪ ದನಿಯನ್ನೇ ತಲೆ ಮೇಲೆ ಹೊತ್ತುಕೊಂಡರು.

ಮೆಟಲ್‌ನವರ ಮನೆಯಲ್ಲೂ ಇದು ಹಳೇ ಕಥೆಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಂದೆ ಬ್ಲ್ಯಾಕ್ ಸಬತ್ ಎಂಬ ಮೆಟಲ್ ತಂಡದ ಗಿಟಾರಿಸ್ಟ್ ಆದ ಟೋನಿ ಅಯೋಮಿ ಎಂಬ ಹುಡುಗನ ಎರಡು ಬೆರಳಿನ ತುದಿ ತಗಡಿನ ಕಾರ್ಖಾನೆಯಲ್ಲಿ ತುಂಡಾದವು. ನೋವು ತಡೆಯಲು ಅವನು ಮುಂದೆ ತಂತಿ ಸಡಿಲಿಸಿದ, ಸದ್ದು ಕೆಳಗಿಳಿದು ಭಾರವಾಯಿತು. ಹ್ಯಾಲಿಫ್ಯಾಕ್ಸ್‌ನ ಪ್ಯಾರಡೈಸ್ ಲಾಸ್ಟ್ ತಂಡ 1988ರಲ್ಲಿ ಶುರುವಾದದ್ದು ಡೆತ್ ಮೆಟಲ್‌ನಿಂದ. ನಾಲ್ಕೈದು ವರ್ಷದಲ್ಲೇ ಅದೂ ನಿಧಾನದ ದಾರಿ ಹಿಡಿಯಿತು.

"ಅವ್ರು ಇಷ್ಟೆಲ್ಲ ಕಷ್ಟಪಟ್ಟು ಈಗ ಮುಟ್ಟಿದ್ದಾರೆ. ನಾವು ಅಲ್ಲೇ ಕೂತೀವಲ್ಲೋ" ಎಂದು ಅವನನ್ನು ಕಿಟಕಿಯ ಹತ್ತಿರ ಕರೆದೆ. ಅವತ್ತು ಗಣಪ್ಪನ ಹನ್ನೊಂದನೇ ದಿನ.

ಇದಕ್ಕಿಂತ ನಿಧಾನ ಎಲ್ಲಾದರೂ ಉಂಟೆ? ದುರ್ಗದಬೈಲಿನಿಂದ ಚೆನ್ನಮ್ಮ ಸರ್ಕಲ್ಲಿಗೆ ಆರಾಮಾಗಿ ನಡೆದು ಹೋಗಬಹುದು. ಗಣಪ್ಪನನ್ನು ಕಳಿಸುವ ಮೆರವಣಿಗೆಯ ಟ್ರ್ಯಾಕ್ಟರ್ ಸಂಜೆ ಹೊರಟರೆ ಹಾಲಿನವನು ಬರುವ ಹೊತ್ತಿಗೂ ದಾರಿಯಲ್ಲೇ ಇರುತ್ತದೆ. ಭಾರ ಅಂತೀರಾ? ಬೇಸ್ ಬಿದ್ದಾಗಲೆಲ್ಲ ನಮ್ಮ ಅಡುಗೆಮನೆಯ ಚಟ್ನಿಪುಡಿ ಡಬ್ಬಿ ನಾಲ್ಕು ಬೆರಳು ಮುಂದೆ ಸರಿಯುತ್ತದೆ. ಗಣಪ್ಪನದು ಪಾಪ ಮೊರದಗಲ ಕಿವಿ. ಮುಚ್ಚಿಕೊಳ್ಳೋಣ ಅಂದರೆ ನಾಲ್ಕು ಕೈಗೂ ಕೆಲಸ ಕೊಟ್ಟಿದ್ದೇವೆ.

ಕಾನೂನು ಇಲ್ಲ ಎನ್ನಬೇಡಿ. 2000ನೇ ಇಸವಿಯಿಂದ ಶಬ್ದದ ನಿಯಮ ಇದೆ. ಜನವಸತಿ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ರಾತ್ರಿ 10ರ ಮೇಲೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ವರ್ಷಕ್ಕೆ 15 ದಿನ ಮೀರದಂತೆ ಹಬ್ಬಕ್ಕೆಂದು ರಾತ್ರಿ 12ರವರೆಗೆ ಸರಕಾರ ಬಿಡಬಹುದು. ಆಸ್ಪತ್ರೆ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯ ಎಂದು ಸರಕಾರ ಸಾರಬಹುದು. ಆ 100 ಮೀಟರ್ ದಾಟಲು ಟ್ರ್ಯಾಕ್ಟರ್ ತೆಗೆದುಕೊಳ್ಳುವುದು ಮುಕ್ಕಾಲು ಗಂಟೆ, ಅಷ್ಟೇ.

ಹಬ್ಬಕ್ಕೆ ಮೊದಲು ಶಾಂತಿ ಸಭೆ ಬೇರೆ. ಶಾಂತಿ ಸಭೆಗೂ ಮೈಕ್ ಇರುತ್ತದೆ, ಜೋರಾಗಿಯೇ ಇರುತ್ತದೆ. ಅದರಲ್ಲಿ ಡಿಜೆ ಬೇಡ ಎಂದು ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪುತ್ತಾರೆ. ಆಮೇಲೆ ಡಿಜೆ ಬರುವುದೂ ಇಲ್ಲ. ಬರುವುದು "ಸೌಂಡ್ ಸಿಸ್ಟಮ್". ಎರಡೇ ಬಾಕ್ಸ್ ಎಂದು ಬರೆದುಕೊಟ್ಟಿರುತ್ತಾರೆ, ಎಣಿಸಿದರೆ ಎರಡೇ. ಒಂದೊಂದರಲ್ಲಿ ಒಂದು ಸಂಸಾರ ಬಾಡಿಗೆಗೆ ಇರಬಹುದು.

ಇದನ್ನೆಲ್ಲ ನೋಡಿ ಹುಡುಗನಿಗೆ ಹುಮ್ಮಸ್ಸು ಬಂತು. ಅವನೂ ಅವನ ಮೂವರು ಗೆಳೆಯರೂ ಒಂದು ಸಂಜೆ ನುಡಿಸೋಣ ಎಂದು ನಿರ್ಧರಿಸಿದರು. ಒಂದು ಸಣ್ಣ ಹಾಲ್, ಬಾಗಿಲು ಹಾಕಿಕೊಂಡು, 8 ಗಂಟೆಗೆ ಮುಗಿತಾಯ. ಅನುಮತಿಗೆ ನಾನೂ ಜೊತೆಗೆ ಹೋದೆ. ಕಚೇರಿಯ ಹೆಸರು ಬೇಡ, ನಾಳೆ ಮತ್ತೆ ಹೋಗಬೇಕು.

ಕೌಂಟರಿನ ಸಾಹೇಬರು ಅರ್ಜಿಯ ಮೊದಲ ಪದ ಓದಿ, ತಲೆ ಎತ್ತದೆ ಹೇಳಿದರು. "ಡೆತ್ ಆದ್ರ ಬಾಜೂ ಕಿಡಕಿ. ಆಧಾರ್ ಝೆರಾಕ್ಸ್ ತಂದೀರೇನು?"

ಅಲ್ಲರೀ, ಇದು ಸಂಗೀತ ಎಂದೆ. ಅವರು ಕನ್ನಡಕ ಏರಿಸಿ ಹುಡುಗನ ಕೂದಲು ನೋಡಿದರು. ಅವನ ಕರೀ ಅಂಗಿಯ ಮೇಲಿದ್ದ ತಲೆಬುರುಡೆಯನ್ನೂ ನೋಡಿದರು.

"ಭಾಳ ಗದ್ದಲ ಆಗ್ತದೇನು? ಸುತ್ತಮುತ್ತ ಮಂದಿ ಇರ್ತಾರ. ಹಿರೇರು, ಹುಡುಗೂರು, ಪರೀಕ್ಷಾ..."

ಹೊರಗೆ ಒಂದು ಟ್ರ್ಯಾಕ್ಟರ್ ಬಂತು. ಎರಡು ನಿಮಿಷ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಕಿಟಕಿಯ ಗಾಜು ನಡುಗಿತು, ಸೀಲಿನ ಮುದ್ರೆ ಮೇಜಿನಿಂದ ಕೆಳಗೆ ಬಿತ್ತು. ಸಾಹೇಬರು ಅದನ್ನು ಎತ್ತಿಕೊಂಡು, ಒರೆಸಿ, ಮೊದಲಿನ ಜಾಗದಲ್ಲೇ ಇಟ್ಟರು.

"ಹಾಂ, ಏನಂದೆ? ಗದ್ದಲ."

"ಇಲ್ರೀ ಸರ್, ನಾವು ಈಗ ಸ್ಲೋ ಆಗೀವ್ರಿ" ಎಂದ ಹುಡುಗ, ಕೈ ಜೋಡಿಸಿ.

ಸಾಹೇಬರು ಸ್ವಲ್ಪ ಹೊತ್ತು ವಿಚಾರ ಮಾಡಿದರು. ಅರ್ಜಿ ವಾಪಸ್ ಕೊಟ್ಟರು.

"ಸ್ಲೋ ಇದ್ರ ಟ್ರಾಫಿಕ್‌ನವರ ಎನ್‌ಒಸಿ ಬೇಕಾಗ್ತದ. ಮೂರ್ತಿ ಎಷ್ಟು ಫೂಟ್ ಐತಿ?"