ಏನೂ ಮಾಡದೆ ರಾಜ್ಯ ಆಳಬಹುದಾ?

ಲಾವೋತ್ಸುನದು ಅನ್ನುವ ಚೀನಾದ ಪ್ರಾಚೀನ ಪುಸ್ತಕ ದಾವ್ ದ ಜಿಂಗ್ ಅಂದ ಕೂಡಲೇ ಬೆಟ್ಟ, ಮಂಜು, ಗಡ್ಡದ ಮುದುಕ ಕಣ್ಮುಂದೆ ಬರುತ್ತಾರೆ. ಆದರೆ ಅದರ 81 ಅಧ್ಯಾಯಗಳನ್ನು ಓದಿದರೆ ಬಹಳಷ್ಟು ಮಾತು ರಾಜನಿಗೇ ಹೇಳಿದ್ದು ಅಂತ ಗೊತ್ತಾಗುತ್ತದೆ. ಅದರ ನಡುಗಂಬ 'ವೂ ವೇ': ಬಲವಂತ ಮಾಡಬೇಡ, ಎಲ್ಲದರಲ್ಲೂ ಕೈ ಹಾಕಬೇಡ, ಕೆಲಸ ತನ್ನ ದಾರಿಯಲ್ಲಿ ಸಾಗಲಿ. ಹಾನ್ ವಂಶದ ಮೊದಲ ದಶಕಗಳಲ್ಲಿ ಚೀನಾದ ದೊರೆಗಳು ಇದನ್ನು ರಾಜ್ಯದ ಮೇಲೆ ಪ್ರಯೋಗ ಮಾಡಿಯೂ ನೋಡಿದರು. ವಾದ ಅಲ್ಲೇ ನಡೆಯಲಿ.

ಪರ

ಮೊದಲು ಚಿನ್ ವಂಶದ ಕಥೆ ನೋಡಿ. ಕ್ರಿ.ಪೂ. 221ರಲ್ಲಿ ಇಡೀ ದೇಶವನ್ನು ಒಂದು ಮಾಡಿತು. ತೂಕ, ಅಳತೆ, ಲಿಪಿ, ಗಾಡಿಯ ಅಚ್ಚಿನ ಅಗಲ, ಎಲ್ಲಕ್ಕೂ ಅಪ್ಪಣೆ. ಗೋಡೆ, ರಸ್ತೆ, ಸಮಾಧಿಗೆಲ್ಲ ಜನರ ಬಿಟ್ಟಿ ದುಡಿಮೆ. ತಪ್ಪಿದರೆ ಮೂಗೋ ಕಾಲೋ ಹೋಯಿತು. ಇಷ್ಟೆಲ್ಲ ಮಾಡಿದ ವಂಶ 15 ವರ್ಷ ಬಾಳಿತು, ಅಷ್ಟೇ. ಕಾನೂನು ಹೆಚ್ಚಿದಷ್ಟೂ ಕಳ್ಳರು ಹೆಚ್ಚುತ್ತಾರೆ ಅಂತ ಲಾವೋತ್ಸು ಹೇಳಿದ್ದು ಸುಮ್ನೆ ಅಲ್ಲ.

ಆಮೇಲೆ ಬಂದ ಹಾನ್ ವಂಶದಲ್ಲಿ ತ್ಸಾವ್ ಶೆನ್ ಅಂತ ಒಬ್ಬ. ಮೈಮೇಲೆ 70 ಗಾಯಗಳಿದ್ದ ದಂಡನಾಯಕ. ಪೂರ್ವದ ಒಂದು ಪ್ರಾಂತ್ಯದ ಆಡಳಿತ ಕೈಗೆ ಬಂದಾಗ ಪಂಡಿತರನ್ನೆಲ್ಲ ಕರೆಸಿ ಕೇಳಿದ. ಒಬ್ಬೊಬ್ಬರದು ಒಂದೊಂದು ಮಾತು. ಕೊನೆಗೆ ಗಾಯ್ ಅನ್ನೋ ಮುದುಕ ಹೇಳಿದ: ನೀವು ಶಾಂತವಾಗಿರಿ, ಜನ ತಾವೇ ಸರಿಹೋಗುತ್ತಾರೆ. ಆ ಮಾತು ಹಿಡಿಸಿತು. ಕ್ರಿ.ಪೂ. 193ರಲ್ಲಿ ಇಡೀ ಸಾಮ್ರಾಜ್ಯಕ್ಕೇ ಮಂತ್ರಿಯಾದ ಮೇಲೂ ಅದನ್ನೇ ಪಾಲಿಸಿದ.

ಅವನ ಹಿತ್ತಿಲ ತೋಟಕ್ಕೆ ತಾಗಿಕೊಂಡು ಗುಮಾಸ್ತರ ಬಿಡಾರ ಇತ್ತು. ದಿನಾ ಕುಡಿತ, ಹಾಡು, ಕೂಗಾಟ. ಕಿವಿಗೆ ಬಿದ್ದರೆ ಶಿಕ್ಷೆ ಕೊಡುತ್ತಾನೆ ಅಂತ ಕೆಳಗಿನ ಅಧಿಕಾರಿಗಳು ಅವನನ್ನು ತೋಟಕ್ಕೆ ಕರೆದುಕೊಂಡು ಹೋದರು. ಅವನು ಅಲ್ಲೇ ಹೆಂಡ ತರಿಸಿ ಕುಳಿತು, ಬೇಲಿಯಾಚೆಯ ಹಾಡಿಗೆ ತಾನೂ ದನಿಗೂಡಿಸಿದ!

ಯುವ ಸಾಮ್ರಾಟ ಹುಯಿಗೆ ಸಿಟ್ಟು ಬಂತು. ತ್ಸಾವ್ ಶೆನ್ ಅವನನ್ನೇ ಕೇಳಿದ: "ಪ್ರಭು, ತಾವು ಮೇಲೋ, ತಮ್ಮ ತಂದೆಯವರು ಮೇಲೋ?"

"ಅವರಿಗೆ ನಾನೆಲ್ಲಿ ಸಮ?"

"ನಾನು ಮೇಲೋ, ನನಗಿಂತ ಮುಂಚಿನ ಮಂತ್ರಿ ಮೇಲೋ?"

"ನೀವು ಸ್ವಲ್ಪ ಕಡಿಮೆಯೇ."

"ಹಾಗಾದರೆ ಅವರಿಬ್ಬರು ಮಾಡಿಟ್ಟ ಕಾನೂನನ್ನು ಕೆಡಿಸದೆ ಕಾಪಾಡಿಕೊಂಡು ಹೋದರೆ ಸಾಲದೇ?"

ಇದನ್ನು ಸೋಮಾರಿತನ ಅನ್ನಬೇಡಿ. ಮಾತಿನ ಚಾತುರ್ಯ ಇಲ್ಲದ, ನಿಧಾನದ, ನಂಬಿಕಸ್ಥ ಹಿರಿಯರನ್ನು ಹುಡುಕಿ ಹುಡುಕಿ ಕಚೇರಿಗೆ ತಂದವನು ಅವನು. ಕಾನೂನಿನ ಅಕ್ಷರ ಹಿಡಿದು ಹೆಸರು ಮಾಡಲು ಹೊರಟವರನ್ನು ಮನೆಗೆ ಕಳಿಸಿದ. ನಮಗೆ ಇವತ್ತು ಬೇಕಾಗಿರೋದೂ ಇದೇ ಅಲ್ವಾ? ಹಿಂದಿನವರ ಯೋಜನೆಯ ಹೆಸರು ಬದಲಿಸಿ ತನ್ನ ಬೋರ್ಡ್ ಹಾಕದ ಒಬ್ಬ ಮಂತ್ರಿ.

ದೊಡ್ಡ ರಾಜ್ಯ ಆಳೋದು ಸಣ್ಣ ಮೀನು ಬೇಯಿಸಿದ ಹಾಗೆ ಅಂತ ದಾವ್ ದ ಜಿಂಗ್‌ನ 60ನೇ ಅಧ್ಯಾಯ ಹೇಳುತ್ತದೆ. ಬೂತಾಯಿ ಸಾರಿಗೆ ಸೌಟು ಹಾಕಿ ತಿರುವಿದರೆ ಏನಾಗುತ್ತದೆ ಅಂತ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹುಯಿಯ ನಂತರದ ಹಾನ್ ಸಾಮ್ರಾಟ ವೆನ್ ಮೀನು ಮುಟ್ಟಲಿಲ್ಲ. ಭೂಕಂದಾಯ ಇಳಿಸಿದ, ಕ್ರಿ.ಪೂ. 167ರಲ್ಲಿ ಪೂರ್ತಿ ತೆಗೆದೇಬಿಟ್ಟ. ಅರಮನೆಗೊಂದು ಜಗಲಿ ಕಟ್ಟಿಸಲು ಹತ್ತು ಸಾಧಾರಣ ಮನೆಗಳ ಆಸ್ತಿಯಷ್ಟು ಖರ್ಚಾಗುತ್ತದೆ ಅಂತ ಗೊತ್ತಾದಾಗ ಬೇಡವೇ ಬೇಡ ಅಂದ. ಎರಡು ತಲೆಮಾರಿನಲ್ಲಿ ಕಣಜದ ಧಾನ್ಯ ಉಕ್ಕಿ ಹೊರಗೆ ಕೊಳೆಯಿತು, ನಾಣ್ಯ ಪೋಣಿಸಿದ ದಾರಗಳೇ ಜೀರ್ಣವಾದವು ಅಂತ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ.

ವಿರೋಧ

ಕಣಜ ತುಂಬಿತು, ಸರಿ. ಆದರೆ ಯಾರ ಕಣಜ? ಕಂದಾಯ ಇಳಿದರೆ ಲಾಭ ಆಗೋದು ಹೊಲ ಇದ್ದವನಿಗೆ. ಗೇಣಿ ರೈತನೋ, ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ ಅಳೆಯುತ್ತಿದ್ದ. ಶ್ರೀಮಂತನ ಹೊಲ ಕಣ್ಣು ಹಾಯಿಸಿದಷ್ಟು ದೂರ, ಬಡವನಿಗೆ ಒಂದು ಸೂಜಿಮೊನೆ ಊರುವಷ್ಟೂ ಜಾಗವಿಲ್ಲ ಅಂತ ಮುಂದೆ ದೋಂಗ್ ಝೊಂಗ್‌ಷು ಅನ್ನೋ ಪಂಡಿತ ದೂರಿದ. ದೊರೆ ಸುಮ್ಮನಿದ್ದರೆ ಉಳಿದವರೆಲ್ಲ ಸುಮ್ಮನಿರುತ್ತಾರೆ ಅನ್ನೋ ನಂಬಿಕೆಯೇ ಈ ತತ್ವದ ಹುಳುಕು.

ನಾಣ್ಯದ ಕಥೆ ಕೇಳಿ. ಕ್ರಿ.ಪೂ. 175ರಲ್ಲಿ ಇದೇ ವೆನ್, ಯಾರು ಬೇಕಾದರೂ ನಾಣ್ಯ ಟಂಕಿಸಬಹುದು ಅಂದ. ಬೇಡ ಅಂತ ಆಸ್ಥಾನದ ಪಂಡಿತ ಜಿಯಾ ಯಿ ಬಡಿದುಕೊಂಡ. ವೂ ಪ್ರಾಂತ್ಯದ ಅರಸು ಲಿಯು ಪಿ ಕೈಯಲ್ಲಿ ತಾಮ್ರದ ಗುಡ್ಡ ಇತ್ತು, ಕಡಲ ಉಪ್ಪೂ ಇತ್ತು. ಹಣ ಪೇರಿಸಿದ. ಕ್ರಿ.ಪೂ. 154ರಲ್ಲಿ ಇನ್ನೂ ಆರು ಪ್ರಾಂತ್ಯಗಳನ್ನು ಸೇರಿಸಿಕೊಂಡು ದಂಗೆ ಎದ್ದ. ಮೂರು ತಿಂಗಳ ಯುದ್ಧ ಬೇಕಾಯಿತು. ಮೊದಲೇ ಕೈ ಹಾಕಿದ್ದರೆ ಇಷ್ಟು ಹೆಣ ಬೀಳುತ್ತಿತ್ತಾ?

ಇನ್ನು, ಈ ಸೌಮ್ಯ ತತ್ವ ಅಧಿಕಾರದಲ್ಲಿದ್ದಾಗ ಎಷ್ಟು ಸೌಮ್ಯವಾಗಿತ್ತು? ಲಾವೋತ್ಸುನ ದೊಡ್ಡ ಭಕ್ತೆ ವೆನ್‌ನ ಹೆಂಡತಿ, ರಾಜಮಾತೆ ದೋ. ಆ ಪುಸ್ತಕ ಹೇಗಿದೆ ಅಂತ ಯುವಾನ್ ಗು ಅನ್ನೋ ಕನ್ಫ್ಯೂಶಿಯಸ್ ಪಂಥದ ಪಂಡಿತನನ್ನು ಕೇಳಿದಳು. "ಆಳುಕಾಳುಗಳ ಮಾತು" ಅಂದುಬಿಟ್ಟ ಪುಣ್ಯಾತ್ಮ. ಅವನನ್ನು ಹಂದಿಯ ದೊಡ್ಡಿಗೆ ಇಳಿಸಿ, ಕಾದಾಡು ಅಂದಳು! ಅವಳ ಮಗ ಸಾಮ್ರಾಟ ಜಿಂಗ್‌ಗೆ ಕರುಣೆ ಬಂತು, ಒಂದು ಹರಿತವಾದ ಆಯುಧ ಕೊಡಿಸಿದ. ಪಂಡಿತ ಒಂದೇ ತಿವಿತಕ್ಕೆ ಹಂದಿಯನ್ನು ಕೆಡವಿ ಬದುಕಿಕೊಂಡ. ನಗು ಬರುತ್ತದೆ, ನಿಜ. ಆದರೆ ಯಾವುದನ್ನೂ ಬಲವಂತ ಮಾಡಬಾರದು ಅನ್ನೋ ಪುಸ್ತಕವನ್ನು ಟೀಕಿಸಿದ್ದಕ್ಕೆ ಬಿದ್ದ ಶಿಕ್ಷೆ ಅದು.

ತಪ್ಪು ಆಕೆಯದೇ, ಪುಸ್ತಕದ್ದಲ್ಲ ಅನ್ನಬಹುದು. ಹಾಗಾದರೆ ಮೂರನೇ ಅಧ್ಯಾಯ ಓದಿ: ಜನರ ಹೊಟ್ಟೆ ತುಂಬಿಸು, ತಲೆ ಖಾಲಿ ಇಡು. 65ನೆಯದು ಇನ್ನೂ ನೇರ: ಜನಕ್ಕೆ ತಿಳಿವು ಜಾಸ್ತಿ ಆದರೆ ಆಳೋದು ಕಷ್ಟ. ಇಂಥ ಸಾಲುಗಳಿಗೆ ವ್ಯಾಖ್ಯಾನಕಾರರು ಮೃದುವಾದ ಅರ್ಥ ಕೊಡುತ್ತಾರೆ. ಕಠಿಣ ಶಿಕ್ಷೆಯ ಪ್ರತಿಪಾದಕ ಹಾನ್ ಫೇಗೆ ಅದರ ಅಗತ್ಯ ಬೀಳಲಿಲ್ಲ. ದೊರೆ ತನ್ನ ಇಷ್ಟಾನಿಷ್ಟ ತೋರಿಸದೆ ಸುಮ್ಮನೆ ಕೂತರೆ ಅಧಿಕಾರಿಗಳು ಹೆದರಿ ಕೆಲಸ ಮಾಡುತ್ತಾರೆ ಅಂತ ಅವನು ಇದೇ ವೂ ವೇಯಿಂದ ಪಾಠ ಹೇಳಿದ. ಸಿಮಾ ಚಿಯಾನ್ ಲಾವೋತ್ಸು ಮತ್ತು ಹಾನ್ ಫೇ ಇಬ್ಬರ ಜೀವನವನ್ನೂ ಒಂದೇ ಅಧ್ಯಾಯದಲ್ಲಿ ಬರೆದದ್ದು ಕಣ್ತಪ್ಪಿನಿಂದಲ್ಲ.

ಕ್ರಿ.ಪೂ. 141ರಲ್ಲಿ ಪಟ್ಟಕ್ಕೆ ಬಂದವನು ಜಿಂಗ್‌ನ ಮಗ, ಹದಿಹರೆಯದ ಸಾಮ್ರಾಟ ವೂ. ಅಜ್ಜಿ ದೋ ಇರುವ ತನಕ ತಡೆದುಕೊಂಡ. ಆಮೇಲೆ ಉತ್ತರದ ಶಿಯೋಂಗ್ನು ಅಲೆಮಾರಿಗಳ ಮೇಲೆ ದಶಕಗಟ್ಟಲೆ ದಂಡೆತ್ತಿದ. ಕುದುರೆ, ಕಾಳು, ಹಣ, ಎಲ್ಲ ಆ ತುಂಬಿದ ಕಣಜದಿಂದಲೇ ಹೊರಟಿತು. ಅದು ಬರಿದಾದಾಗ ಉಪ್ಪು, ಕಬ್ಬಿಣ ಎರಡನ್ನೂ ಸರಕಾರವೇ ವಹಿಸಿಕೊಂಡಿತು. ಮೂವರು ಸಾಮ್ರಾಟರು ಕೈ ಕಟ್ಟಿ ಕೂತು ಕೂಡಿಟ್ಟದ್ದು ನಾಲ್ಕನೆಯವನ ಯುದ್ಧಕ್ಕೆ ಬಂಡವಾಳ ಆಯಿತು. ಅದನ್ನು ತಡೆಯಲು ವೂ ವೇ ಬಳಿ ಒಂದು ಉಪಾಯವೂ ಇರಲಿಲ್ಲ.