ಫೆಡರಲ್ ನಂಬರನ್ನೇ ಸ್ಟೇಟ್ ಫಾರ್ಮಿಗೆ ಎತ್ತಿ ಹಾಕ್ಬೇಡಿ

ಬೆಂಗಳೂರಲ್ಲಿ ಕೆಲಸದಲ್ಲಿದ್ದಾಗ ರಾಜ್ಯ ಸರ್ಕಾರ ನನ್ನ ಸಂಬಳದಲ್ಲಿ ಹಿಡೀತಿದ್ದಿದ್ದು ವೃತ್ತಿ ತೆರಿಗೆ ಒಂದೇ, ತಿಂಗಳಿಗೆ 200 ರೂಪಾಯಿ, ವರ್ಷಕ್ಕೆ 2,500 ದಾಟೋ ಹಾಗಿಲ್ಲ ಅಂತ ಸಂವಿಧಾನದಲ್ಲೇ ಇದೆ. ಪಿಎಫ್ ತೆಗೆದ್ರೆ ಕರ್ನಾಟಕಕ್ಕೊಂದು ರೂಲು ತಮಿಳುನಾಡಿಗೊಂದು ರೂಲು ಅಂತ ಇಲ್ಲ. ಅದನ್ನೇ ತಲೇಲಿಟ್ಕೊಂಡು ಅಮೆರಿಕದ ನ್ಯೂಜೆರ್ಸಿಗೆ ಬಂದವರಿಗೆ ರಿಟೈರ್‌ಮೆಂಟ್ ದುಡ್ಡು ತೆಗೆಯೋವಾಗ ಏಟು ಬೀಳುತ್ತೆ, ಇಲ್ಲಿ ಕೇಂದ್ರಕ್ಕೆ (ಫೆಡರಲ್) ಒಂದು, ರಾಜ್ಯಕ್ಕೆ (ಸ್ಟೇಟ್) ಒಂದು ಅಂತ ಬೇರೆ ಬೇರೆ ಇನ್‌ಕಂ ಟ್ಯಾಕ್ಸ್, ರೂಲೂ ಬೇರೆ.

ನಮ್ಮ ಎಡಿಸನ್‌ನಲ್ಲಿ ಹಾಸನದ ಕಡೆಯ ಅಂಕಲ್ ಒಬ್ರಿದ್ದಾರೆ, 61 ವರ್ಷ, ಕೆಲಸ ಬಿಟ್ಟಿದ್ದಾರೆ. ಐಆರ್‌ಎಯಿಂದ (ಅವರವರೇ ದುಡ್ಡು ಹಾಕ್ಕೊಳ್ಳೋ ರಿಟೈರ್‌ಮೆಂಟ್ ಖಾತೆ) ಮೊದಲನೇ ಸಲ 20,000 ಡಾಲರ್ ತೆಗೆದಿದ್ರು, ಹೀಗೆ ತೆಗೆದ ದುಡ್ಡಿಗೆ ಖಾತೆಯ ಕಂಪನಿ ಕೊಡೋ ಫಾರ್ಮ್ 1099-ಆರ್‌ನ 2ಎ ಬಾಕ್ಸಲ್ಲಿ ಅಷ್ಟೂ ಟ್ಯಾಕ್ಸಬಲ್ ಅಂತಿತ್ತು, ರಿಟರ್ನ್ ಮಾಡಿಕೊಟ್ಟೋರು ಅದನ್ನೇ ಸ್ಟೇಟಿಗೂ ಹಾಕಿಬಿಟ್ಟಿದ್ರು. ಫೆಡರಲ್‌ಗೆ ಅದು ಸರಿ, ಹಾಕೋವಾಗ ಡಿಡಕ್ಷನ್ ಸಿಕ್ಕಿತ್ತಲ್ಲ. ಆದ್ರೆ ನ್ಯೂಜೆರ್ಸಿ ಐಆರ್‌ಎಗೆ ಡಿಡಕ್ಷನ್ ಕೊಡೋದೇ ಇಲ್ಲ, ಆ ದುಡ್ಡಿಗೆ ಸ್ಟೇಟ್ ಟ್ಯಾಕ್ಸ್ ದುಡಿದ ವರ್ಷವೇ ಕಟ್ಟಾಗಿದೆ.

"ಅಂಕಲ್, ಕೈಯಿಂದ ಒಟ್ಟು ಎಷ್ಟು ಹಾಕಿದ್ರಿ?" ಅಂತ ಕೇಳ್ದೆ. ಆಂಟಿ ಬೀರುವಿಂದ ಹಳೇ ಫೈಲ್ ತಂದುಕೊಟ್ರು, ಡೈನಿಂಗ್ ಟೇಬಲ್ ಮೇಲೆ ಹರಡಿಕೊಂಡು ಕೂಡಿಸಿದ್ರೆ 60,000. ವರ್ಷದ ಕೊನೆಗೆ ಅಕೌಂಟಲ್ಲಿ ಉಳಿದಿದ್ದು 1,80,000, ತೆಗೆದ 20,000 ಸೇರಿಸಿದ್ರೆ 2 ಲಕ್ಷ, ಅದರಲ್ಲಿ ಅವರು ಹಾಕಿದ್ದು ನೂರಕ್ಕೆ 30. ಹಾಗಾಗಿ ತೆಗೆದ 20,000ದಲ್ಲೂ ನೂರಕ್ಕೆ 30, ಅಂದ್ರೆ 6,000ಕ್ಕೆ ಸ್ಟೇಟ್ ಟ್ಯಾಕ್ಸ್ ಇಲ್ಲ, ಬಾಕಿ 14,000ಕ್ಕೆ ಮಾತ್ರ. ಅಂಕಲ್ ಫೈಲ್ ಕವರ್ ಮೇಲೆ ಮುಂದಿನ ವರ್ಷದ ಲೆಕ್ಕಕ್ಕೆ ಅಂತ 60,000ದಲ್ಲಿ ಈ 6,000 ಕಳೆದು 54,000 ಬರೆದಿಟ್ರು.

401(ಕೆ), ಅಂದ್ರೆ ಕಂಪನಿ ಮೂಲಕ ಸಂಬಳದಿಂದ ಹಾಕೋ ರಿಟೈರ್‌ಮೆಂಟ್ ಖಾತೆ ಆದ್ರೆ ಈ ಲೆಕ್ಕ ಅಲ್ಲ, ಅದಕ್ಕೆ ಹಾಕೋ ದುಡ್ಡಿಗೆ ನ್ಯೂಜೆರ್ಸಿ ಅವತ್ತು ಟ್ಯಾಕ್ಸ್ ಬಿಟ್ಟಿರುತ್ತೆ, ತೆಗೆದಾಗ ಹಿಡಿಯುತ್ತೆ. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾಗೆ ಹೋದ್ರೆ ಉಲ್ಟಾ, 401(ಕೆ)ಗೆ ಹಾಕೋ ದುಡ್ಡಿಗೂ 3.07 ಪರ್ಸೆಂಟ್ ಅವತ್ತೇ ಕಟ್ಟಿಸಿಕೊಳ್ತಾರೆ, ರಿಟೈರ್ ಆದ್ಮೇಲೆ ಮುಟ್ಟಲ್ಲ. ನನಗೆ ಪೆನ್ಸಿಲ್ವೇನಿಯಾದ ಈ ಕ್ರಮವೇ ಸರಿ ಅನ್ಸುತ್ತೆ, ದುಡಿಯೋ ವಯಸ್ಸಲ್ಲಿ ಕಟ್ಟೋಣ, ವಯಸ್ಸಾದವರ ಕೈಲಿ 20 ವರ್ಷದ ಕಾಗದ ಹುಡುಕಿಸೋದು ನ್ಯಾಯ ಅಲ್ಲ. ನ್ಯೂಜೆರ್ಸಿಯಲ್ಲಿ 62 ಆದ್ಮೇಲೆ ಕಡಿಮೆ ಆದಾಯದವರಿಗೆ ಪೆನ್ಷನ್ ವಿನಾಯ್ತಿ ಇದೆ ನಿಜ, ಆದ್ರೆ ಒಟ್ಟು ಆದಾಯ 1,50,000 ದಾಟಿದ್ರೆ ಅದೂ ಇಲ್ಲ.

ಬೇರೆ ಸ್ಟೇಟಿಗೆ ಹೋಗಿ ನೆಲೆಸಿದ್ರೆ ಹಳೇ ಸ್ಟೇಟು ಈ ದುಡ್ಡಿಗೆ ಕೈ ಹಾಕೋ ಹಾಗಿಲ್ಲ, 1996ರ ಫೆಡರಲ್ ಕಾನೂನೇ ತಡೆಯುತ್ತೆ. ನ್ಯೂಜೆರ್ಸಿಯಲ್ಲೇ ಇದ್ದು ಪೂರ್ತಿ ಮೊತ್ತಕ್ಕೆ ಕಟ್ಟಿಬಿಟ್ಟಿರೋರು ರಿಟರ್ನ್ ಹಾಕಿ 3 ವರ್ಷ ಆಗೋದ್ರೊಳಗೆ ತಿದ್ದಿ ಹಾಕಿ ವಾಪಸ್ ಕೇಳಬಹುದು.