ಪ್ರಶ್ನೆಯ ಫೋಟೋ ಬೇಡ, ನಿನ್ನ ಗೀಚಾಟ ಕಳಿಸು

ನಿನ್ನೆ ರಾತ್ರಿ ಹನ್ನೊಂದು ದಾಟಿತ್ತು. ಹಾಲಿಗೆ ಹೆಪ್ಪು ಹಾಕಿ, ಅಡುಗೆಮನೆ ಲೈಟು ಆರಿಸಿ ಇನ್ನೇನು ಮಲಗಬೇಕು, ಫೋನು ಟಿಂಗ್ ಅಂತು. ಹಿಂದೆಯೇ ಇನ್ನೊಂದು, ಮತ್ತೊಂದು. ಯಾರಿಗೋ ಏನೋ ಆಯ್ತು ಅಂತ ಗಾಬರಿಯಾಗಿ ತೆಗೆದು ನೋಡಿದ್ರೆ ಪುಸ್ತಕದ ಪುಟಗಳ ಫೋಟೋ. ಒಂದು ಅಡ್ಡಡ್ಡ. ಇನ್ನೊಂದರಲ್ಲಿ ಅರ್ಧ ಲೆಕ್ಕದ ಮೇಲೆ ಹೆಬ್ಬೆರಳು. ಕೊನೆಗೆ ಒಂದೇ ಸಾಲು: "ಸರ್, 14, 17, 22 ಆನ್ಸರ್ ಕಳಿಸಿ ಪ್ಲೀಸ್, ಅರ್ಜೆಂಟ್."

ಸರ್ ಅಂತೆ! ಡಿಪಿಯಲ್ಲಿ ನಾನು ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದೀನಿ. ಅಂದ್ರೆ ಈ ಮಹಾಶಯ ಇದೇ ಮೆಸೇಜನ್ನ ಸಿಕ್ಕಸಿಕ್ಕ ಮೇಷ್ಟ್ರುಗಳಿಗೆಲ್ಲ ಒಟ್ಟಿಗೆ ಫಾರ್ವರ್ಡ್ ಮಾಡಿದಾನೆ. ಯಾರು ಮೊದಲು ಕಳಿಸ್ತಾರೋ ಅವರದ್ದು ನೋಟ್ಸಿಗೆ ಇಳಿಯುತ್ತೆ, ಮಿಕ್ಕವರದ್ದು ಡಿಲೀಟ್.

ನನ್ನನ್ನ ಬಲ್ಲವರಿಗೆ ಗೊತ್ತು, ನಾನು ಟ್ಯೂಷನ್ ಬೋರ್ಡ್ ಹಾಕಿದವಳಲ್ಲ, ಲೆಕ್ಕ ಕೇಳಿಕೊಂಡು ಬಾಗಿಲಿಗೆ ಬಂದವರನ್ನ ವಾಪಸ್ ಕಳಿಸಿದವಳೂ ಅಲ್ಲ. ಹಬ್ಬದ ದಿನ ಹೋಳಿಗೆ ಲಟ್ಟಿಸ್ತಾ ಪ್ರೊಜೆಕ್ಟೈಲ್ ಹೇಳಿಕೊಟ್ಟಿದೀನಿ. ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದ್ರೂ ನಂಗೆ ಬೇಜಾರಿಲ್ಲ. ಬೇಜಾರು ಇರೋದು ಒಂದೇ ವಿಷಯಕ್ಕೆ, ಅದನ್ನ ಇವತ್ತು ಕಾರಿಕೊಂಡೇ ಬಿಡ್ತೀನಿ: ಪ್ರಶ್ನೆ ಕಳಿಸ್ತಾರೆ, ತಾವು ಮಾಡಿದ್ದನ್ನ ಕಳಿಸೋದಿಲ್ಲ.

ಪ್ರತಿ ಸಲ ನನ್ನ ಉತ್ತರ ಒಂದೇ. "ನೀನು ಎಲ್ಲಿವರೆಗೆ ಮಾಡಿದೆ, ಅದರ ಫೋಟೋ ಕಳಿಸು ಮರಿ." ಆಮೇಲೆ ಎರಡು ನೀಲಿ ಗೆರೆ, ಮೌನ. ಸ್ವಲ್ಪ ಧೈರ್ಯ ಇರೋರು ಬರೀತಾರೆ, "ಮಾಡಿಲ್ಲ ಮೇಡಂ, ಗೊತ್ತಾಗ್ಲಿಲ್ಲ." ಏನು ಗೊತ್ತಾಗ್ಲಿಲ್ಲ? "ಏನೂ ಗೊತ್ತಾಗ್ಲಿಲ್ಲ." ಏನೂ ಅಂದ್ರೆ ಏನಪ್ಪಾ? ಕೊಟ್ಟಿರೋದು ಏನು, ಕೇಳಿರೋದು ಏನು, ಅದಾದ್ರೂ ಬರೆದ್ಯಾ? ಒಂದು ಚಿತ್ರ? ಒಂದು ಬಾಣದ ಗುರುತು? ಅಳತೆ ಬ್ಲೌಸೂ ಕೊಡದೆ, ಎದುರಿಗೂ ಬರದೆ, "ಸರಿಯಾಗಿ ಕೂರೋ ಹಾಗೆ ಹೊಲೀರಿ" ಅಂದ್ರೆ ಯಾವ ಟೈಲರ್ ತಾನೇ ಹೊಲಿದಾನು?

ಬಸವನಗುಡಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರೂ ನಮ್ಮ ಹಾಗೆ ಭೌತಶಾಸ್ತ್ರದ ಮೇಷ್ಟ್ರೇ. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ, 2005ರಲ್ಲಿ ತೀರಿಕೊಳ್ಳೋ ತನಕವೂ, ಅವರು ಹುಡುಗರಿಗೆ ಹೇಳ್ತಿದ್ದ ಮಾತಿನ ತಿರುಳು ಒಂದೇ, ಪ್ರಶ್ನೆ ಕೇಳಿ. ಮೇಷ್ಟ್ರೇ, ಬಂದು ನೋಡಿ, ಈಗ ಎಲ್ಲರೂ ಕೇಳ್ತಿದಾರೆ! ಪುಟಗಟ್ಟಲೆ ಕೇಳ್ತಿದಾರೆ, ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿ ಕೇಳ್ತಿದಾರೆ. ಆದ್ರೆ ಒಂದೂ ಅವರ ಪ್ರಶ್ನೆ ಅಲ್ಲ. ಎಲ್ಲ ಪುಸ್ತಕ ಬರೆದೋರ ಪ್ರಶ್ನೆ. 22ನೇ ಲೆಕ್ಕ ಪುಸ್ತಕ ನಿನಗೆ ಕೇಳಿದ್ದು. ಅದನ್ನ ಹಾಗೇ ನನ್ನ ಕಡೆ ತಿರುಗಿಸಿದ್ರೆ ನೀನು ಮಧ್ಯದಲ್ಲಿ ಪೋಸ್ಟ್‌ಮ್ಯಾನ್ ಅಷ್ಟೇ. ನಿನ್ನ ಪ್ರಶ್ನೆ ಹುಟ್ಟೋದು ನೀನು ಎಲ್ಲಿ ಸಿಕ್ಕಿಹಾಕಿಕೊಂಡ್ಯೋ ಅಲ್ಲಿ.

ಹೋದ ವಾರ ಒಬ್ಬಳು ಫಸ್ಟ್ ಪಿಯು ಹುಡುಗಿ ಕಳಿಸಿದ್ದಳು. ಹಳೇ ನೋಟ್‌ಬುಕ್ಕಿನ ಕೊನೇ ಪುಟ, ತುಂಬ ಹೊಡೆದುಹಾಕಿದ್ದು, ಪಕ್ಕದಲ್ಲಿ ಯಾವುದೋ ಫೋನ್ ನಂಬರು, ರಂಗೋಲಿ ಚುಕ್ಕಿ. ಕೆಳಗೆ ಬರೆದಿದ್ದಳು, "ಮೇಡಂ, ನಂಗೆ 468 ಬರ್ತಿದೆ, ಹಿಂದೆ 708 ಅಂತ ಕೊಟ್ಟಿದಾರೆ. ಮೂರು ಸಲ ಮಾಡಿದೆ." ಅದನ್ನ ನೋಡಿ ನಂಗಾದ ಖುಷಿ ನಮ್ಮೆಜಮಾನ್ರಿಗೆ ಅರ್ಥವಾಗಲಿಲ್ಲ. ನಿಮಗಾದ್ರೂ ಆಗ್ಲಿ ಅಂತ ಲೆಕ್ಕ ಹೇಳ್ತೀನಿ, ಓಡಿಹೋಗಬೇಡಿ.

ಒಂದು ಲಿಫ್ಟು ಕೆಳಗಿಳೀತಿದೆ. ನಿಲ್ಲೋದಕ್ಕಾಗಿ ಅದರ ವೇಗ ಕಮ್ಮಿ ಆಗ್ತಿದೆ, ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 2 ಮೀಟರಿನಷ್ಟು. ಒಳಗೆ 60 ಕಿಲೋ ತೂಗೋ ಮನುಷ್ಯ ತೂಕದ ಯಂತ್ರದ ಮೇಲೆ ನಿಂತಿದಾನೆ. ಅವನ ಕಾಲಿನ ಮೇಲೆ ಯಂತ್ರ ಎಷ್ಟು ಬಲದಿಂದ ಒತ್ತುತ್ತೆ? ಈ ಹುಡುಗಿ ಏನು ಮಾಡಿದಾಳೆ, ಗುರುತ್ವದ 9.8ರಲ್ಲಿ 2 ಕಳೆದು, 7.8ನ್ನ 60ರಿಂದ ಗುಣಿಸಿದಾಳೆ. 468. ಕೂಡಬೇಕಿತ್ತು. 11.8 ಗುಣಿಸು 60, 708 ನ್ಯೂಟನ್. ಮೂರು ಸಲ ಮಾಡಿದ್ರೂ ಅದೇ 468 ಬಂದಿದೆ ಅಂದ್ರೆ ಅವಳ ಗುಣಾಕಾರ ಪಕ್ಕಾ ಇದೆ. ಎಡವಿರೋದು ಲೆಕ್ಕಕ್ಕಿಂತ ಮೊದಲೇ.

ಪುಟದ ಮೂಲೆಯಲ್ಲಿ ಪುಟ್ಟದೊಂದು ಪೆಟ್ಟಿಗೆ ಬರೆದು ಕೆಳಮುಖವಾಗಿ ಒಂದು ಬಾಣ ಹಾಕಿದ್ದಳು, ಪಕ್ಕದಲ್ಲಿ "ಎ". ಅಲ್ಲೇ ಇತ್ತು ಗುಟ್ಟು. ಲಿಫ್ಟು ಕೆಳಗೆ ಹೋಗ್ತಿದೆ, ಹಾಗಾಗಿ ವೇಗೋತ್ಕರ್ಷವೂ (ವೇಗ ಬದಲಾಗೋ ದರ, ಆ "ಎ" ಅಂದ್ರೆ ಅದೇ) ಕೆಳಗೇ ಇರಬೇಕು ಅಂತ ಅವಳ ನಂಬಿಕೆ. ಕೆಳಗಿಳೀತಾ ನಿಧಾನವಾಗ್ತಿರೋ ವಸ್ತುವಿನ ವೇಗೋತ್ಕರ್ಷ ಮೇಲ್ಮುಖ ಅನ್ನೋದು ಅವಳ ತಲೆಯಲ್ಲಿ ಇನ್ನೂ ಕೂತಿಲ್ಲ. ಇದೇನು ಸಣ್ಣ ತಪ್ಪಲ್ಲ ಸ್ವಾಮಿ, ಬಹಳ ದೊಡ್ಡ ಮನೆತನದ ತಪ್ಪು! ಚಲನೆ ಯಾವ ಕಡೆಗೋ ಬಲವೂ ಆ ಕಡೆಗೇ ಅಂತ ಅರಿಸ್ಟಾಟಲ್ ಕಾಲದಿಂದ ದೊಡ್ಡದೊಡ್ಡ ತಲೆಗಳೇ ನಂಬಿಕೊಂಡು ಬಂದಿದ್ದು. ಗೆಲಿಲಿಯೋ ಅದನ್ನ ಅಲ್ಲಾಡಿಸಬೇಕಾಯ್ತು, ಕೊನೆಗೆ 1687ರಲ್ಲಿ ನ್ಯೂಟನ್ ತನ್ನ ನಿಯಮಗಳನ್ನ ಅಚ್ಚು ಹಾಕಿಸಬೇಕಾಯ್ತು. ಇಷ್ಟೆಲ್ಲ ಇತಿಹಾಸ ಇರೋ ತಪ್ಪು ನನ್ನ ವಾಟ್ಸಾಪಿಗೆ ಒಂದು ಬಾಣದ ಗುರುತಾಗಿ ಬಂದಿತ್ತು.

ನಾನು ಅವಳಿಗೆ ಉತ್ತರ ಹೇಳಲೇ ಇಲ್ಲ. "ಬಸ್ಸು ಮುಂದಕ್ಕೆ ಹೋಗ್ತಾ ಬ್ರೇಕ್ ಹಾಕಿದಾಗ ವೇಗೋತ್ಕರ್ಷ ಯಾವ ಕಡೆಗೆ?" ಅಂತ ಕೇಳಿದೆ. ಸ್ವಲ್ಪ ಹೊತ್ತಾದ ಮೇಲೆ "ಹಿಂದಕ್ಕೆ" ಅಂತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು "ಅಯ್ಯೋ ಮೇಡಂ!!!" ಅಂತು. ಆ ಮೂರು ಆಶ್ಚರ್ಯಸೂಚಕ ಚಿಹ್ನೆಗೋಸ್ಕರ ತಾನೇ ನಾವು ಈ ಕೆಲಸಕ್ಕೆ ಬಂದಿದ್ದು. ಅರ್ಧ ಗಂಟೆ ಬಿಟ್ಟು ಅವಳದ್ದೇ ಒಂದು ಪ್ರಶ್ನೆ ಬಂತು, "ಹಾಗಾದ್ರೆ ಲಿಫ್ಟಿನ ಕೇಬಲ್ ಕಡಿದ್ರೆ ಯಂತ್ರ ಸೊನ್ನೆ ತೋರಿಸುತ್ತಾ?" ತೋರಿಸುತ್ತೆ ಪುಟ್ಟಾ. ಈ ಪ್ರಶ್ನೆ ಯಾವ ಪುಸ್ತಕದಿಂದಾನೂ ಎತ್ತಿದ್ದಲ್ಲ.

ಈಗ ಯೋಚಿಸಿ, ನಿನ್ನೆ ರಾತ್ರಿಯ ಹೆಬ್ಬೆರಳಪ್ಪ ಇದೇ ಲೆಕ್ಕ ಕಳಿಸಿ, ನಾನು ನೀಟಾಗಿ 708 ಬರೆದು ಕಳಿಸಿದ್ದಿದ್ರೆ? "ಓ, ಲಿಫ್ಟು ಅಂದ್ರೆ ಕೂಡಬೇಕು" ಅಂತ ನೆನಪಿಟ್ಕೊಳ್ತಾನೆ. ಮುಂದಿನ ಲೆಕ್ಕದಲ್ಲಿ ಲಿಫ್ಟು ಮೇಲೆ ಹೋಗ್ತಾ ನಿಧಾನವಾಗುತ್ತೆ, ಅಲ್ಲೂ ಕೂಡ್ತಾನೆ. ಅಲ್ಲಿ ಕಳೀಬೇಕು.

ಗಣಿತದ್ದೂ ಇದೇ ಕಥೆ. ನನ್ನ ತಂಗಿ ಮಗ ಒಂದು ಸಲ ಫೋನ್ ಮಾಡಿ, "ದೊಡ್ಡಮ್ಮ, ಎಕ್ಸ್ ಸ್ಕ್ವೇರ್ ಈಕ್ವಲ್ ಟು ಫೈವ್ ಎಕ್ಸ್ ಅಂತ ಕೊಟ್ಟಿದಾರೆ. ನಾನು ಎರಡೂ ಕಡೆ ಎಕ್ಸ್ ಹೊಡೆದುಹಾಕಿದೆ, ಐದು ಬಂತು. ಇವ್ರು ಐದೂ ಅಂತಾರೆ, ಸೊನ್ನೆನೂ ಅಂತಾರೆ. ಸೊನ್ನೆ ಎಲ್ಲಿಂದ ಬಂತು?" ಅಂದ. ಎಷ್ಟು ಚಂದದ ಪ್ರಶ್ನೆ ನೋಡಿ! ಎಕ್ಸ್ ಹೊಡೆದುಹಾಕಿದಾಗ ಸೊನ್ನೆಯನ್ನೂ ಜೊತೆಗೇ ಹೊಡೆದುಹಾಕಿದಾನೆ, ಯಾಕಂದ್ರೆ ಎಕ್ಸೇ ಸೊನ್ನೆಯಾಗಿದ್ರೆ ಅದರಿಂದ ಭಾಗಿಸೋ ಹಾಗೇ ಇಲ್ಲ. ಅವನು "ಆನ್ಸರ್ ಕಳಿಸು" ಅಂದಿದ್ರೆ ಈ ಮಾತೇ ಹೊರಡ್ತಿರಲಿಲ್ಲ.

(ಅದೇ ಹುಡುಗನ ಪರವಾಗಿ ಅವನಮ್ಮ ಹೋದ ತಿಂಗಳು ಕಳಿಸಿದ ಮೆಸೇಜು: "ಅಕ್ಕಾ, ಬೇಗ ಕಳಿಸೇ, ಅವನು ತೂಕಡಿಸ್ತಿದಾನೆ, ನಾನೇ ನೋಟ್ಸಿಗೆ ಬರೆದುಬಿಡ್ತೀನಿ." ತಂಗೀ, ಇದನ್ನ ಓದ್ತೀಯ ಅಂತ ಗೊತ್ತು. ಓದ್ಲಿ ಅಂತಾನೇ ಬರೆದಿದ್ದು.)

ಈಗ ನೀವು ಕೆಲವರು ಶುರು ಮಾಡ್ತೀರ. "ಮೇಡಂ, ನಿಮ್ಮ ಕಾಲ ಬೇರೆ. ಈಗಿನ ಮಕ್ಕಳಿಗೆ ಟೈಮ್ ಎಲ್ಲಿದೆ? ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಓಎಂಆರ್ ಶೀಟಿಗೆ ನಿಮ್ಮ ಬಾಣ, ಗೀಚಾಟ ಎಲ್ಲ ಬೇಕಾ?" ಒಪ್ಪಿದೆ, ಒಂದು ಪ್ರಶ್ನೆಗೆ ಸರಿಯಾಗಿ 80 ಸೆಕೆಂಡು. ನನಗೂ ಲೆಕ್ಕ ಬರುತ್ತೆ. ಆದ್ರೆ ಆ 80 ಸೆಕೆಂಡಿನಲ್ಲಿ ಬಾಣ ಮೇಲೋ ಕೆಳಗೋ ಅಂತ ತೀರ್ಮಾನ ಮಾಡೋರು ಯಾರು, ನಾನಾ? ಅವತ್ತು ವಾಟ್ಸಾಪ್ ಇರುತ್ತಾ? ನೂರು ಲೆಕ್ಕದ ಉತ್ತರ ಬರೆದುಕೊಂಡವನಿಗಿಂತ ಹತ್ತು ಲೆಕ್ಕದಲ್ಲಿ ಚೆನ್ನಾಗಿ ಎಡವಿದವನು ಅಲ್ಲಿ ಬೇಗ ಬಿಡಿಸ್ತಾನೆ, ಬೇಕಾದ್ರೆ ಬರೆದಿಟ್ಟುಕೊಳ್ಳಿ. ಇನ್ನು ನಮ್ಮ ಎಂಜಿನಿಯರಿಂಗ್ ರ‍್ಯಾಂಕಿಂಗಿನಲ್ಲಿ ಅರ್ಧ ಪಾಲು ಸೆಕೆಂಡ್ ಪಿಯು ಅಂಕದ್ದೇ, ಅದನ್ನ ಯಾಕೆ ಎಲ್ಲರೂ ಮರೀತೀರೋ. ಅಲ್ಲಿ ನಾವು ವ್ಯಾಲ್ಯುಯೇಷನ್ನಿಗೆ ಕೂತಾಗ ಸೂತ್ರಕ್ಕೆ ಬೇರೆ ಅಂಕ, ಬೆಲೆ ಹಾಕಿದ್ದಕ್ಕೆ ಬೇರೆ, ಯೂನಿಟ್ ಸಮೇತ ಉತ್ತರಕ್ಕೆ ಬೇರೆ. ಕೊನೇ ಸಾಲು ತಪ್ಪಾದ್ರೂ ದಾರಿಗೆ ಅಂಕ ಸಿಗುತ್ತೆ. ಬರೀ 708 ಅಂತ ಬರೆದು ಪಕ್ಕದಲ್ಲಿ ನ್ಯೂಟನ್ ಅಂತಾನೂ ಹಾಕದ ಮಹಾನುಭಾವರ ಪೇಪರ್ ನೋಡಿದೀನಿ, ಆ ಸಂಕಟ ನನಗೇ ಗೊತ್ತು.

ಇನ್ನೊಂದು ವಾದ, "ಫೋಟೋ ಹಿಡಿದ್ರೆ ಎಐ ಕ್ಷಣದಲ್ಲಿ ಬಿಡಿಸಿಕೊಡುತ್ತಲ್ಲ." ಕೊಡುತ್ತೆ, ನನ್ನ ಅಕ್ಷರಕ್ಕಿಂತ ಚೆನ್ನಾಗಿ ಕೊಡುತ್ತೆ. ಹಾಗಿದ್ಮೇಲೆ ನನ್ನ ನಿದ್ದೆ ಯಾಕೆ ಕೆಡಿಸ್ತೀರ ಅನ್ನೋದು ಬೇರೆ ಪ್ರಶ್ನೆ! ಕ್ಲಾಸಲ್ಲಿ ಒಂದು ವಾಕ್ಯ ಇಂಗ್ಲಿಷಲ್ಲಿ ಹೇಳೋಕೆ ನಾಚ್ಕೊಳ್ಳೋ ಹುಡುಗನ ಹೋಂವರ್ಕ್ ಇದ್ದಕ್ಕಿದ್ದಂತೆ ಇಂಗ್ಲೆಂಡಿನ ಪ್ರೊಫೆಸರ್ ಬರೆದ ಹಾಗೆ ಇರುತ್ತೆ. "ಬಾಪ್ಪ, ಬೋರ್ಡ್ ಮೇಲೆ ಮೂರನೇ ಸಾಲು ಮಾಡಿ ತೋರಿಸು" ಅಂದ್ರೆ ಚಾಕ್‌ಪೀಸ್ ಹಿಡಿದು ಕಿಟಕಿ ಕಡೆ ನೋಡ್ತಾನೆ. ಎಐಗೇ ಕೇಳಿ, ನಂದೇನೂ ಅಭ್ಯಂತರ ಇಲ್ಲ. ನಿಮ್ಮ ತಪ್ಪು ಪುಟದ ಫೋಟೋ ಹಾಕಿ, "ಉತ್ತರ ಹೇಳಬೇಡ, ಎಲ್ಲಿ ಎಡವಿದೆ ಅಷ್ಟು ಹೇಳು" ಅನ್ನಿ. ಆದ್ರೆ ಅದಕ್ಕೂ ಮೊದಲು ಒಂದು ಪುಟ ತಪ್ಪು ಮಾಡಬೇಕಲ್ಲ! ಸುತ್ತಿ ಬಂದು ನಿಲ್ಲೋದು ಅಲ್ಲಿಗೇ.

ಈ ತಪ್ಪು ಪುಟ ತೋರಿಸೋಕೆ ಮಕ್ಕಳಿಗೆ ಯಾಕಿಷ್ಟು ಹೆದರಿಕೆ ಅಂತ ಕೇಳಿದ್ರೆ ಬೆರಳು ನಮ್ಮ ಕಡೆಗೇ ತಿರುಗುತ್ತೆ. ಒಂದನೇ ಕ್ಲಾಸಿಂದ ನೋಟ್‌ಬುಕ್ ನೀಟಾಗಿರ್ಬೇಕು, ಹೊಡೆದುಹಾಕಿದ್ದು ಕಾಣಬಾರದು, ಎಡಕ್ಕೆ ಮಾರ್ಜಿನ್ನು, ಹೆಡ್ಡಿಂಗಿಗೆ ಸ್ಕೆಚ್ ಪೆನ್ನು. ರಫ್ ವರ್ಕ್ ಅನ್ನೋದು ಕೊನೇ ಪುಟದಲ್ಲಿ ಕಳ್ಳನ ಹಾಗೆ ಬಚ್ಚಿಟ್ಟುಕೊಳ್ಳೋ ವಸ್ತು, ಸಹಿ ಹಾಕಿಸೋಕೆ ಹೋಗೋ ಮುಂಚೆ ಹರಿದು ಬಿಸಾಕೋದು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯು ಸೈನ್ಸಿಗೆ ಬಂದ ಮಕ್ಕಳದ್ದು ಇನ್ನೊಂದು ಕಷ್ಟ. ಅವರಿಗೆ ಎಷ್ಟೋ ಸಲ ಭೌತಶಾಸ್ತ್ರ ಗೊತ್ತಿರುತ್ತೆ, ಲೆಕ್ಕದ ಎರಡನೇ ಸಾಲಿನ ಇಂಗ್ಲಿಷ್ ಗೊತ್ತಿರಲ್ಲ. ಅದನ್ನ ಹೇಳ್ಕೊಳ್ಳೋಕೆ ಅವಮಾನ, ಅದಕ್ಕೆ "ಏನೂ ಗೊತ್ತಾಗ್ಲಿಲ್ಲ" ಅಂತಾರೆ. ಆ ಮಕ್ಕಳ ಮೇಲೆ ನಂಗೆ ಸಿಟ್ಟಿಲ್ಲ. ಅರ್ಥವಾಗದ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು ಕಳಿಸಿದ್ರೂ ಸಾಕು, ಅದೂ ಲೆಕ್ಕ ಮಾಡಿದ ಹಾಗೇ.

ಇಷ್ಟು ಬೈದ ಮೇಲೆ ಒಂದು ವಿಷಯ ಹೇಳದಿದ್ರೆ ನಾನು ಕಪಟಿ ಆಗ್ತೀನಿ. ನಿನ್ನೆ ರಾತ್ರಿ ಆ ಫೋಟೋಗಳನ್ನ ಡಿಲೀಟ್ ಮಾಡಿ ಮಲಗೋಕೆ ನನ್ನಿಂದಾಗಲಿಲ್ಲ. ಅದೊಂದು ಚಟ. ಲೆಕ್ಕ ಕಣ್ಣಿಗೆ ಬಿದ್ರೆ ಬಿಡಿಸದೆ ನಿದ್ದೆ ಹತ್ತಲ್ಲ. ಯಾರದ್ದೋ ಮದುವೆ ಕರೆಯೋಲೆಯ ಹಿಂಬದಿಯಲ್ಲಿ 14, 17 ಎರಡೂ ಮುಗಿಸಿದೆ, ಸಪ್ಪೆ ಲೆಕ್ಕಗಳು. 22 ಮಾತ್ರ, ಅಬ್ಬಾ! ಎರಡು ರಾಟೆ, ಮೂರು ತೂಕ, ಒಂದೇ ಹಗ್ಗ. ಹೆಬ್ಬೆರಳಿನ ಕೆಳಗೆ ಯಾವ ಸಂಖ್ಯೆ ಇರಬಹುದು ಅಂತ ಊಹೆ ಬೇರೆ ಮಾಡಬೇಕಾಯ್ತು. ಒಂದು ಚಿಹ್ನೆ ಕೈಕೊಟ್ಟು ಮತ್ತೆ ಮೊದಲಿಂದ ಶುರು ಮಾಡಿದೆ. ನಮ್ಮೆಜಮಾನ್ರು ಒಂದು ಗಂಟೆಗೆ ಎದ್ದು ಬಂದು "ಇನ್ನೂ ಮಲಗಿಲ್ವೇನೇ?" ಅಂದ್ರು. ಆ ಹುಡುಗನ ಮೇಲೆ ನಿಜವಾದ ಹೊಟ್ಟೆಯುರಿ ಆಗಿದ್ದು ಆಗಲೇ. ಅಷ್ಟು ಒಳ್ಳೇ ಲೆಕ್ಕವನ್ನ ಪುಣ್ಯಾತ್ಮ ತಾನೇ ತಿನ್ನೋದು ಬಿಟ್ಟು ನಂಗೆ ತಿನ್ನಿಸಿದ!

ಉತ್ತರ ಕಳಿಸಲಿಲ್ಲ. "ನೀನು ಎಲ್ಲಿವರೆಗೆ ಮಾಡಿದೆ?" ಅಂತ ಕಳಿಸಿದೆ. ನೀಲಿ ಗೆರೆ ಬಿದ್ದಿದೆ, ನೋಡೋಣ.

ಅಲ್ಲೀತನಕ ನಿಮಗೊಂದು ಲೆಕ್ಕ. ಹಾಸನದಿಂದ ಬೇಲೂರಿಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದ್ರಿ, ಅದೇ ರಸ್ತೆಯಲ್ಲಿ 60ರ ವೇಗದಲ್ಲಿ ವಾಪಸ್ ಬಂದ್ರಿ. ಒಟ್ಟು ಪ್ರಯಾಣದ ಸರಾಸರಿ ವೇಗ ಎಷ್ಟು? 50 ಅನ್ನೋರಿಗೂ ಕಾಮೆಂಟಿನಲ್ಲಿ ಸ್ವಾಗತ, 50 ಹೇಗೆ ಬಂತು ಅಂತ ಬರೀಬೇಕು ಅಷ್ಟೇ. ದಾರಿ ತೋರಿಸದೆ ಬರೀ 48 ಅಂತ ಹಾಕಿ ಹೋಗೋರ ಕಾಮೆಂಟು ಡಿಲೀಟ್ ಮಾಡ್ತೀನಿ, ಸ್ವಂತ ತಮ್ಮನಾದ್ರೂ ಸರಿ.